ಡಾಲ್ಫಿನ್ ಕಾರು: ಸಣ್ಣ ಉದ್ದಿಮೆಗಳಿಗೊಂದು ವೆಚ್ಚಪಾಠ

ಜಾಬ್ ವರ್ಕ್‌ನಿಂದ ಮೇಲೇರಿ ತನ್ನದೇ ಹೆಸರಿನ ಉತ್ಪನ್ನವೊಂದನ್ನು ಮಾರುಕಟ್ಟೆಗೆ ತರಬೇಕೆಂಬುದು ಪೀಣ್ಯದ ಬಹುತೇಕ ಸಣ್ಣ ತಯಾರಕರ ಹಂಬಲ. ಹಂಬಲ ಸಹಜವಾದುದೇ. ಆದರೆ ಅದಕ್ಕೆ ಬಂಡವಾಳ ತೊಡಗಿಸುವ ಮುನ್ನ ನಮ್ಮ ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಕಾರೊಂದರ ಚರಿತ್ರೆಯನ್ನು ಲೆಕ್ಕಪತ್ರದ ದೃಷ್ಟಿಯಿಂದ ಅವಲೋಕಿಸುವುದು ಉಪಯುಕ್ತವಾದೀತು. ಅದು ಸಿಪಾನಿ ಆಟೋಮೊಬೈಲ್ಸ್ ಸಂಸ್ಥೆಯ ಡಾಲ್ಫಿನ್ ಕಾರು. ಇದರ ಬೇರು ಇರುವುದು ಇಂಗ್ಲೆಂಡಿನಲ್ಲಿ.

ತೆರಿಗೆಯಿಂದ ಹುಟ್ಟಿದ ಉದ್ಯಮ

ಎರಡನೆಯ ಮಹಾಯುದ್ಧದ ನಂತರದ ಬ್ರಿಟನ್ನಿನಲ್ಲಿ ಪೂರ್ಣ ಜೋಡಿಸಿದ ಕಾರಿನ ಮೇಲೆ ಖರೀದಿ ತೆರಿಗೆ ಇತ್ತು. ಅದೇ ಕಾರನ್ನು ಬಿಡಿಭಾಗಗಳ ಕಿಟ್ ರೂಪದಲ್ಲಿ ಮಾರಿದರೆ ಈ ತೆರಿಗೆ ತಗಲುತ್ತಿರಲಿಲ್ಲ. ಗ್ರಾಹಕನು ಕಿಟ್ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುತ್ತಿದ್ದನು. 1957ರಲ್ಲಿ ಬಂದ ಲೋಟಸ್ ಸೆವೆನ್ ಈ ವರ್ಗದ ಪ್ರಸಿದ್ಧ ಕಾರು. 1973ರ ಏಪ್ರಿಲ್‌ನಲ್ಲಿ ಖರೀದಿ ತೆರಿಗೆಯ ಸ್ಥಾನದಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಯಾದಾಗ ಕಿಟ್ ಕಾರುಗಳ ಬೆಲೆಯ ಅನುಕೂಲ ಇಲ್ಲವಾಯಿತು. ಅದೇ ವರ್ಷ ಲೋಟಸ್ ಸಂಸ್ಥೆ ಸೆವೆನ್ ಮಾದರಿಯ ಹಕ್ಕನ್ನು ಕೇಟರ್‌ಹ್ಯಾಂ ಎಂಬ ಸಣ್ಣ ಸಂಸ್ಥೆಗೆ ಬಿಟ್ಟುಕೊಟ್ಟಿತು.

ಟ್ಯಾಮ್‌ವರ್ತ್ ಪಟ್ಟಣದಲ್ಲಿ 1935ರಲ್ಲಿ ಆರಂಭವಾದ ರಿಲಯಂಟ್ ಸಂಸ್ಥೆಯೂ ಇಂಥದೇ ಒಂದು ನಿಯಮದ ಆಸರೆಯಲ್ಲಿ ಬೆಳೆಯಿತು. 8 ಹಂಡ್ರೆಡ್‌ವೇಟ್, ಅಂದರೆ ಸುಮಾರು 406 ಕಿಲೋಗ್ರಾಂ ಮೀರದ ಮೂರು ಚಕ್ರದ ವಾಹನವನ್ನು ಮೋಟಾರ್ ಸೈಕಲ್ ಲೈಸೆನ್ಸಿನಲ್ಲೇ ಓಡಿಸಬಹುದಾಗಿತ್ತು. ರಸ್ತೆ ತೆರಿಗೆಯೂ ಕಡಿಮೆ. ತೂಕ ಇಳಿಸಲು ರಿಲಯಂಟ್ ಫೈಬರ್‌ಗ್ಲಾಸ್ ಕವಚಕ್ಕೆ ಮೊರೆಹೋಗಿ, ಆ ತಂತ್ರದಲ್ಲಿ ಪರಿಣತಿ ಗಳಿಸಿತು. ಈ ಪರಿಣತಿಯನ್ನು ಅದು ಇತರ ದೇಶಗಳಿಗೂ ಮಾರಿತು: ತುರ್ಕಿಯ ಒಟೊಸಾನ್ ಸಂಸ್ಥೆ 1966ರಲ್ಲಿ ಆರಂಭಿಸಿದ ಅನಡೋಲ್ ಕಾರಿನ ಹಿಂದೆ ಇದ್ದುದು ರಿಲಯಂಟ್. 1975ರಲ್ಲಿ ಅದು ಕಿಟನ್ ಎಂಬ ನಾಲ್ಕು ಚಕ್ರದ ಕಾರನ್ನು ಹೊರತಂದಿತು. ನಾಲ್ಕು ಚಕ್ರ ಬಂದೊಡನೆ ಮೂರು ಚಕ್ರದ ರಿಯಾಯಿತಿಗಳು ಇಲ್ಲವಾದವು. ದೊಡ್ಡ ಪ್ರಮಾಣದಲ್ಲಿ ತಯಾರಾಗುತ್ತಿದ್ದ ಮಿನಿ ಕಾರಿನೆದುರು ಕಿಟನ್ ನಿಲ್ಲಲಾರದೆ 1982ರಲ್ಲಿ ನಿಂತುಹೋಯಿತು.

ಬೆಂಗಳೂರಿಗೆ ಬಂದ ಕಾರು

1970ರ ದಶಕದಲ್ಲಿ ಸನ್‌ರೈಸ್ ಎಂಬ ಹೆಸರಿನಲ್ಲಿ ಆರಂಭವಾದ ಬೆಂಗಳೂರಿನ ಈ ಸಂಸ್ಥೆ, ಮೊದಲು 198 ಸಿಸಿ ಎಂಜಿನ್‌ನ ಬಾದಲ್ ಎಂಬ ಮೂರು ಚಕ್ರದ ಫೈಬರ್‌ಗ್ಲಾಸ್ ಕಾರನ್ನು ತಯಾರಿಸಿತ್ತು. ನಂತರ ಸಿಪಾನಿ ಹೆಸರಿನಲ್ಲಿ ಕಿಟನ್ ಮಾದರಿಯನ್ನೇ ಆಧರಿಸಿ, 1982ರಲ್ಲಿ 848 ಸಿಸಿ ಎಂಜಿನ್‌ನ ಡಾಲ್ಫಿನ್ ಕಾರನ್ನು ಬಿಡುಗಡೆ ಮಾಡಿತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಿಗಾಗಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲವದು. ಆದ್ದರಿಂದ ಸಂಸ್ಥೆಯ ಲೆಕ್ಕಾಚಾರ ತಪ್ಪಾಗಿತ್ತೆಂದು ಹೇಳಲಾಗದು.

ಆದರೆ 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದಿತು. ವರ್ಷಕ್ಕೆ ಒಂದು ಲಕ್ಷ ವಾಹನಗಳ ಗುರಿ, ಸುಜುಕಿಯ ತಂತ್ರಜ್ಞಾನ, ಕೇಂದ್ರ ಸರ್ಕಾರದ ಬೆಂಬಲ ಅದಕ್ಕಿದ್ದವು. ಡಾಲ್ಫಿನ್‌ಗೆ ಇದ್ದುದು ಎರಡೇ ಬಾಗಿಲು; ಹಿಂದಿನ ಆಸನಕ್ಕೆ ಹೋಗಲು ಕುಟುಂಬದವರು ಪ್ರಯಾಸಪಡಬೇಕಿತ್ತು. ಊರೂರಿನ ಗ್ಯಾರೇಜುಗಳಲ್ಲಿ ತಗಡಿನ ಟಿಂಕರಿಂಗ್ ಬಲ್ಲವರಿದ್ದರೇ ಹೊರತು ಫೈಬರ್‌ಗ್ಲಾಸ್ ದುರಸ್ತಿ ಬಲ್ಲವರು ವಿರಳ. ನಾಲ್ಕು ಬಾಗಿಲಿನ ಮೊಂಟಾನಾ ಬರುವ ಹೊತ್ತಿಗೆ 1987 ಆಗಿತ್ತು. ಕಡಿಮೆ ತೂಕದ ಕಾರಣ ಡಾಲ್ಫಿನ್ ಮೋಟಾರ್ ರೇಸ್‌ಗಳಲ್ಲಿ ಹೆಸರು ಮಾಡಿತು. ಆದರೆ ಕಾರ್ಖಾನೆಯನ್ನು ನಡೆಸಲು ಆ ಕೀರ್ತಿ ಸಾಲದಾಯಿತು. 1990ರ ದಶಕದಲ್ಲಿ ಸಂಸ್ಥೆ ರೋವರ್ ಮೊಂಟೆಗೊ ಕಾರನ್ನು ಜೋಡಿಸಿ ಮಾರಲು ಯತ್ನಿಸಿತು. ಆ ದಶಕದ ಕೊನೆಯ ಹೊತ್ತಿಗೆ ಕಾರು ತಯಾರಿಕೆ ನಿಂತಿತು.

ವೆಚ್ಚದ ಲೆಕ್ಕ

ಇದರ ಮರ್ಮವನ್ನು ತಿಳಿಯಲು ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ಫೈಬರ್‌ಗ್ಲಾಸ್ ಕವಚದ ಅಚ್ಚುಗಳಿಗೆ 10 ಲಕ್ಷ ರೂ., ಕೈಕೆಲಸ ಹೆಚ್ಚಾದ್ದರಿಂದ ಪ್ರತಿ ಕವಚಕ್ಕೆ 20,000 ರೂ. ವೆಚ್ಚವೆಂದು ಭಾವಿಸೋಣ. ಉಕ್ಕಿನ ಕವಚಕ್ಕಾದರೆ ಪ್ರೆಸ್ ಡೈಗಳಿಗೆ 10 ಕೋಟಿ ರೂ., ಪ್ರತಿ ಕವಚಕ್ಕೆ 8,000 ರೂ. ಮಾತ್ರ. ಅಚ್ಚು ಹಾಗೂ ಡೈಗಳ ಸವಕಳಿಯನ್ನು ಸದ್ಯಕ್ಕೆ ಬಿಡೋಣ.

ಸಾವಿರ ಕಾರು ತಯಾರಿಸಿದರೆ ಫೈಬರ್‌ಗ್ಲಾಸ್ ಕವಚಕ್ಕೆ ತಲಾ 21,000 ರೂ., ಉಕ್ಕಿನದಕ್ಕೆ 1,08,000 ರೂ. ಬೀಳುತ್ತದೆ. ಒಂದು ಲಕ್ಷ ಕಾರು ತಯಾರಿಸಿದರೆ ಫೈಬರ್‌ಗ್ಲಾಸಿಗೆ 20,010 ರೂ., ಉಕ್ಕಿಗೆ ಕೇವಲ 9,000 ರೂ. ಎರಡೂ ವೆಚ್ಚಗಳು ಸಮವಾಗುವುದು 8,250 ಕಾರುಗಳಲ್ಲಿ. ಅದಕ್ಕಿಂತ ಕೆಳಗೆ ಸಣ್ಣ ತಯಾರಕನೇ ಬಲಶಾಲಿ. ಅದಕ್ಕಿಂತ ಮೇಲೆ ಅವನು ಎಷ್ಟು ಶ್ರಮಿಸಿದರೂ ಬೆಲೆಯಲ್ಲಿ ಸ್ಪರ್ಧಿಸಲಾರ. ಕಡಿಮೆ ಬಂಡವಾಳವೆಂಬ ಅನುಕೂಲವು ಸಣ್ಣ ಮಾರುಕಟ್ಟೆಯಲ್ಲಿ ಮಾತ್ರ ಅನುಕೂಲ. ಎಲ್ಲರಿಗೂ ಬೇಕಾದ ವಸ್ತುವನ್ನು ಆ ವಿಧಾನದಿಂದ ತಯಾರಿಸಹೊರಟಾಗ ಅದೇ ತೊಡಕಾಗುತ್ತದೆ.

ಇಂದಿಗೆ ಅನ್ವಯ

ತೆರಿಗೆಯ ಅಂತರವೂ ಶಾಶ್ವತವಲ್ಲ. 2019ರ ಆಗಸ್ಟ್‌ನಲ್ಲಿ ವಿದ್ಯುತ್ ವಾಹನಗಳ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿಯಿತು. ಆಗ ಸಣ್ಣ ಪೆಟ್ರೋಲ್ ಕಾರಿಗೆ ಸೆಸ್ ಸೇರಿ ಶೇಕಡ 29 ಇದ್ದುದರಿಂದ ಅಂತರ 24 ಅಂಶಗಳಷ್ಟಿತ್ತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ದರ ಶೇಕಡ 18ಕ್ಕೆ ಇಳಿದು, ಅಂತರ 13 ಅಂಶಗಳಿಗೆ ಕುಗ್ಗಿತು. ವಿದ್ಯುತ್ ವಾಹನದ ಬಿಡಿಭಾಗಗಳಿಗಾಗಿ ಸಾಲ ಪಡೆದು ಯಂತ್ರ ಹಾಕುವವರು ಇದನ್ನು ಮರೆಯಬಾರದು. ಸಾಲದ ಕಂತು ಏಳು ವರ್ಷ ಇರಬಹುದು. ತೆರಿಗೆ ದರ ಒಂದೇ ಅಧಿಸೂಚನೆಯಿಂದ ಬದಲಾಗಬಹುದು.

ಆದ್ದರಿಂದ ಸ್ವಂತ ಉತ್ಪನ್ನಕ್ಕೆ ಕೈಹಾಕುವ ಮುನ್ನ ಉದ್ಯಮಿಗಳು ಮೂರು ಲೆಕ್ಕಗಳನ್ನು ಬರೆದಿಟ್ಟುಕೊಳ್ಳುವುದು ಕ್ಷೇಮ:

1. ಈಗಿರುವ ತೆರಿಗೆ ರಿಯಾಯಿತಿ ಇಲ್ಲದಿದ್ದರೂ ಲಾಭ ಉಳಿಯುವುದೇ?
2. ತಮ್ಮ ತಯಾರಿಕಾ ವಿಧಾನ ಎಷ್ಟು ಸಂಖ್ಯೆಯವರೆಗೆ ಅಗ್ಗ? ಮಾರುಕಟ್ಟೆ ಆ ಸಂಖ್ಯೆ ದಾಟಿದರೆ ದೊಡ್ಡ ಸಂಸ್ಥೆಯೊಂದು ಬರಲು ಎಷ್ಟು ಕಾಲ ಬೇಕು?
3. ಮಾರಿದ ನಂತರದ ದುರಸ್ತಿಯನ್ನು ಯಾರು, ಎಲ್ಲಿ ಮಾಡುತ್ತಾರೆ?

ಮೂರಕ್ಕೂ ಸಮಾಧಾನಕರ ಉತ್ತರ ದೊರೆತರೆ ಧೈರ್ಯವಾಗಿ ಮುಂದುವರಿಯಬಹುದು. ದೊರೆಯದಿದ್ದರೆ ಜಾಬ್ ವರ್ಕ್‌ನಲ್ಲೇ ಉಳಿದು, ಸಂಖ್ಯೆ ಕಡಿಮೆಯಿದ್ದರೂ ಒಳ್ಳೆಯ ಬೆಲೆ ಕೊಡುವ ವಿಶೇಷ ಉತ್ಪನ್ನವನ್ನು ಹುಡುಕುವುದು ವಿವೇಕ.