ನಾಯಿಬೆಕ್ಕುಗಳ ನೋವು, ಆತಂಕ ಮತ್ತು ವೈದ್ಯರ ಚೀಟಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ತಾಲ್ಲೂಕುಗಳು ೨೦೦೭ರವರೆಗೆ ಕೋಲಾರ ಜಿಲ್ಲೆಯ ಭಾಗಗಳಾಗಿದ್ದು, ಆ ವರ್ಷ ಹೊಸದಾಗಿ ರಚಿತವಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದುವು. ಮಳೆಯನ್ನೂ ಕೆರೆಯನ್ನೂ ನಂಬಿದ ಈ ಸೀಮೆಯಲ್ಲಿ ಹೈನು, ಕುರಿ ಸಾಕಣೆ, ರೇಷ್ಮೆ ಇವು ಅನೇಕ ಕುಟುಂಬಗಳ ಆಧಾರ. ಆದುದರಿಂದ ಪಶುವೈದ್ಯಶಾಲೆಯೆಂದೊಡನೆ ಹಸು, ಎಮ್ಮೆ, ಕುರಿಗಳೇ ಇಲ್ಲಿಯ ಜನರ ನೆನಪಿಗೆ ಬರುವುದು ಸಹಜವಾಗಿದೆ. ಆದರೆ ತೋಟದ ಮನೆಯನ್ನು ಕಾಯುವ ನಾಯಿಯೂ, ಹುಳುಮನೆಗೆ ನುಗ್ಗುವ ಇಲಿಯನ್ನು ಹಿಡಿಯುವ ಬೆಕ್ಕೂ ಮುಪ್ಪು ಬಂದಾಗ ಕೀಲುನೋವಿನಿಂದ ನರಳುವುವು. ದೀಪಾವಳಿಯ ಪಟಾಕಿಯ ಸದ್ದಿಗೆ ಬೆದರಿ ಮೂಲೆ ಸೇರುವುವು. ಆಗ ಮನೆಯವರು ಕನಿಕರದಿಂದ ತಮ್ಮ ಜ್ವರದ ಮಾತ್ರೆಯನ್ನೇ ಅರ್ಧ ಮುರಿದು ಕೊಡುವುದುಂಟು. ಆ ಕನಿಕರವೇ ಎಷ್ಟೋ ವೇಳೆ ಪ್ರಾಣಿಯ ಮರಣಕ್ಕೆ ಕಾರಣವಾಗುವುದು. ಇಂಥ ಔಷಧಕ್ಕೆ ವೈದ್ಯರ ಚೀಟಿ ಏಕೆ ಬೇಕು, ಅದು ಯಾವ ಇತಿಹಾಸದ ಫಲ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಲು ನಾವು ಉದ್ದೇಶಿಸಿದ್ದೇವೆ.

ಪಶುಚಿಕಿತ್ಸೆ ಕನ್ನಡಿಗರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಚಾಳುಕ್ಯ ರಾಜಕುಮಾರನಾದ ಕೀರ್ತಿವರ್ಮನು 'ಗೋವೈದ್ಯ'ವನ್ನು ರಚಿಸಿದನು. ಮುಂದೆ ಅಭಿನವಚಂದ್ರನ 'ಅಶ್ವವೈದ್ಯ' ಹುಟ್ಟಿತು. ನೇಗಿಲಿನ ಎತ್ತಿಗೂ ಸೈನ್ಯದ ಕುದುರೆಗೂ ಶಾಸ್ತ್ರಗ್ರಂಥಗಳು ದೊರೆತುವು. ನಾಯಿಯಾದರೋ ಬೇರೊಂದು ರೀತಿಯಲ್ಲಿ ಚರಿತ್ರೆಯನ್ನು ಪ್ರವೇಶಿಸಿತು. ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಅದು ಅರಸರ ವಿನೋದಗಳ ನಡುವೆ ಬರುವುದು. ಕ್ರಿ.ಶ. ೯೪೯-೫೦ರ ಆತಕೂರಿನ ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಮಡಿದ ಸಂಗತಿಯಿದೆ. ಅದರ ಸ್ಮರಣೆಗಾಗಿ ಕಲ್ಲು ನಿಂತಿತು, ಭೂಮಿಯ ದತ್ತಿಯೂ ನಡೆಯಿತು. ನಾಯಿಯ ಶೌರ್ಯವನ್ನು ನಮ್ಮ ಪೂರ್ವಿಕರು ಕಲ್ಲಿನಲ್ಲಿ ಕೆತ್ತಿಸಿದರು. ಆದರೆ ಮುಪ್ಪಿನ ನಾಯಿಯ ಸೊಂಟನೋವು ಶಾಸನಕ್ಕೆ ವಿಷಯವಾಗುವಂತಹುದಲ್ಲ.

ಮೈಸೂರು ಸಂಸ್ಥಾನದ ಆಧುನಿಕ ಪಶುವೈದ್ಯವೂ ಮೊದಲು ದನಕರುಗಳ ಕಡೆಗೇ ತಿರುಗಿತು. ದೊಡ್ಡರೋಗವು ಕೊಟ್ಟಿಗೆಗಳನ್ನು ಬರಿದುಮಾಡುತ್ತಿದ್ದ ಕಾಲದಲ್ಲಿ, ೧೯೨೦ರ ದಶಕದಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ರೋಗನಿರೋಧಕ ಸೀರಮ್ ತಯಾರಿಸುವ ಸಂಸ್ಥೆ ಸ್ಥಾಪಿತವಾಯಿತು. ಅಲ್ಲಿಯೇ ೧೯೫೮ರಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು. ೨೦೧೧ರಲ್ಲಿ ಜಗತ್ತೇ ಆ ರೋಗದಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಸಾಂಕ್ರಾಮಿಕ ರೋಗ ಹಿಂದೆ ಸರಿದಂತೆ ಒಂದೊಂದು ಪ್ರಾಣಿಯ ದೀರ್ಘಕಾಲದ ನೋವು, ಭಯ ಇವುಗಳ ಕಡೆಗೆ ವೈದ್ಯರ ಗಮನ ಹರಿಯಲು ಅವಕಾಶವಾಯಿತು.

ಇನ್ನು ಕಾನೂನಿನ ವಿಷಯ. ೧೯೪೦ರ ಔಷಧ ಕಾಯಿದೆಯೂ ೧೯೪೫ರ ನಿಯಮಗಳೂ ಮಾರಾಟದ ಮೇಲೆ ಹಿಡಿತವನ್ನು ತಂದುವು. ಈ ನಿಯಮಗಳ ೬೫ನೆಯ ನಿಯಮವು ಗಮನಾರ್ಹವಾದುದು. ಚೀಟಿಯು ಬರಹದಲ್ಲಿರಬೇಕು, ವೈದ್ಯರ ಸಹಿಯೂ ತಾರೀಖೂ ಇರಬೇಕು, ಒಟ್ಟು ಎಷ್ಟು ಔಷಧ, ಯಾವ ಪ್ರಮಾಣದಲ್ಲಿ ಎಂಬುದನ್ನು ಸೂಚಿಸಬೇಕು, ಔಷಧವು ಪ್ರಾಣಿಗಾದರೆ ಅದರ ಒಡೆಯನ ಹೆಸರನ್ನೂ ವಿಳಾಸವನ್ನೂ ಬರೆಯಬೇಕು. ಪ್ರಾಣಿಗಳಿಗೆಂದೇ ತಯಾರಾದ ಔಷಧದ ಮೇಲೆ ಅದು ಮನುಷ್ಯರ ಉಪಯೋಗಕ್ಕಲ್ಲವೆಂಬ ಎಚ್ಚರಿಕೆಯ ಮಾತೂ, ಸಾಕುಪ್ರಾಣಿಯ ತಲೆಯ ಚಿತ್ರವೂ ಇರಬೇಕೆಂಬುದು ೯೭ನೆಯ ನಿಯಮ. ನೋವಿನ ಮತ್ತು ಮನಸ್ಸಿನ ಅನೇಕ ಔಷಧಗಳು ಚೀಟಿಯಿಲ್ಲದೆ ಮಾರಲಾಗದ 'ಎಚ್' ಅನುಸೂಚಿಯಲ್ಲಿವೆ. ೨೦೧೪ರ ಮಾರ್ಚಿಯಿಂದ ಜಾರಿಗೆ ಬಂದ 'ಎಚ್-೧' ಅನುಸೂಚಿಯು ಡಯಾಜೆಪಾಮ್, ಆಲ್‌ಪ್ರಜೋಲಾಮ್, ಟ್ರಮಡಾಲ್ ಮುಂತಾದುವನ್ನು ಒಳಗೊಂಡಿದೆ. ಇವುಗಳ ಮಾರಾಟವನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾದಿರಿಸಬೇಕು.

ಇದರ ಜೊತೆಗೆ ಮತ್ತೆರಡು ಕಾಯಿದೆಗಳನ್ನು ಓದಿಕೊಳ್ಳಬೇಕು. ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯು ಪ್ರಾಣಿಗೆ ಅನಾವಶ್ಯಕವಾದ ನೋವು ಉಂಟಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಅದನ್ನು ಸಾಕಿದವರ ಮೇಲೆಯೇ ಹೊರಿಸಿದೆ. ೧೯೮೪ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಯು ಪಶುವೈದ್ಯ ವೃತ್ತಿಯನ್ನು ನೋಂದಾಯಿತ ವೈದ್ಯರಿಗೆ ಮೀಸಲಿಟ್ಟಿದೆ. ನೋವನ್ನು ಕಳೆಯುವ ಕರ್ತವ್ಯ ಒಡೆಯನದು, ಔಷಧವನ್ನು ನಿರ್ಣಯಿಸುವ ಅಧಿಕಾರ ವೈದ್ಯನದು ಎಂಬುದು ಇವೆರಡರಿಂದ ಫಲಿಸುವ ತಾತ್ಪರ್ಯ.

ಈ ವಿಭಾಗಕ್ಕೆ ಆಧಾರವೇನೆಂಬುದನ್ನು ಶರೀರಶಾಸ್ತ್ರವು ತಿಳಿಸುವುದು. ಪ್ಯಾರಸಿಟಮಾಲನ್ನು ಮನುಷ್ಯನ ಯಕೃತ್ತು ಬೇರೊಂದು ವಸ್ತುವಿನೊಡನೆ ಕೂಡಿಸಿ ನಿರಪಾಯಗೊಳಿಸಿ ಹೊರಹಾಕುವುದು. ಅದಕ್ಕೆ ಬೇಕಾದ ಕಿಣ್ವವು ಬೆಕ್ಕಿನಲ್ಲಿ ಕಾರ್ಯಹೀನವಾಗಿದೆ. ಆದಕಾರಣ ವಿಷವು ಉಳಿದು ರಕ್ತದ ಕೆಂಪುಕಣಗಳನ್ನು ಕೆಡಿಸುವುದು. ಆಮ್ಲಜನಕವನ್ನು ಹೊರುವ ಶಕ್ತಿ ರಕ್ತಕ್ಕೆ ತಪ್ಪಿ, ಒಸಡು ಕಂದುಬಣ್ಣಕ್ಕೆ ತಿರುಗಿ, ಮುಖ ಊದಿ, ಉಸಿರು ಕಟ್ಟುವುದು. ನಮಗೆ ನಿರಪಾಯವಾದ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಗೆ ಐಬುಪ್ರೊಫೆನ್ ಕೊಟ್ಟರೆ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಗಳು ಕೆಡಬಹುದು. ಪಶುವೈದ್ಯರು ನಾಯಿಗೆ ಕೊಡುವ ಮೆಲಾಕ್ಸಿಕಾಮ್ ಸಹ ಬೆಕ್ಕಿಗೆ ಅತ್ಯಲ್ಪ ಪ್ರಮಾಣದಲ್ಲಿ, ಮೂತ್ರಪಿಂಡಗಳನ್ನು ಪರೀಕ್ಷಿಸಿದ ಮೇಲೆ ಮಾತ್ರ ಸಲ್ಲುವುದು. ಇಂಥ ನೋವುನಿವಾರಕಗಳನ್ನು ಸ್ಟಿರಾಯ್ಡುಗಳೊಡನೆ ಕೂಡಿಸಿ ಕೊಡುವುದು ಅಪಾಯಕರ.

ನೋವನ್ನು ಗುರುತಿಸುವುದೂ ಸುಲಭವಲ್ಲ. ೨೦೦೨ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹನ್ನೆರಡು ವರ್ಷ ದಾಟಿದ ೧೦೦ ಬೆಕ್ಕುಗಳ ಕ್ಷಕಿರಣ ಚಿತ್ರಗಳನ್ನು ಪರಿಶೀಲಿಸಲಾಗಿ, ೯೦ರಲ್ಲಿ ಕೀಲುಗಳ ಸವೆತ ಕಂಡುಬಂದಿತು. ಬೆಕ್ಕು ಕುಂಟುವುದು ಅಪರೂಪ; ಅದು ಎತ್ತರಕ್ಕೆ ಹಾರುವುದನ್ನು ಬಿಡುವುದು, ಮೈ ನೆಕ್ಕಿಕೊಳ್ಳುವುದನ್ನು ಕಡಮೆಮಾಡುವುದು, ಮುಟ್ಟಿದರೆ ಸಿಡುಕುವುದು. ಮನೆಯವರು ಇದನ್ನು ಮುಪ್ಪೆಂದೇ ಬಗೆಯುವರು. ನರಸಂಬಂಧವಾದ ನೋವಿಗೆ ಗ್ಯಾಬಪೆಂಟಿನ್ ಎಂಬ ಔಷಧವನ್ನು ಪಶುವೈದ್ಯರು ಬಳಸುವುದುಂಟು. ಆದರೆ ಮನುಷ್ಯರಿಗಾಗಿ ಮಾಡಿದ ಅದರ ಕೆಲವು ದ್ರವರೂಪಗಳಲ್ಲಿ ಸಿಹಿಗಾಗಿ ಜೈಲಿಟಾಲ್ ಸೇರಿರುವುದು. ಅದು ನಾಯಿಗೆ ವಿಷ. ಬಹುಕಾಲ ಕೊಟ್ಟ ಗ್ಯಾಬಪೆಂಟಿನ್ನನ್ನು ಒಮ್ಮೆಲೇ ನಿಲ್ಲಿಸುವುದೂ ಸರಿಯಲ್ಲ.

ಆತಂಕದ ವಿಷಯವೂ ಹೀಗೆಯೇ. ಮನೆಯವರಿಂದ ಅಗಲಿದಾಗ ನಾಯಿಗೆ ಉಂಟಾಗುವ ಆತಂಕಕ್ಕೆ ಕ್ಲೋಮಿಪ್ರಮಿನ್ ಎಂಬ ಔಷಧವು ೧೯೯೮ರಲ್ಲಿಯೂ, ಫ್ಲುಯಾಕ್ಸೆಟಿನ್ ೨೦೦೭ರಲ್ಲಿಯೂ ಅಮೆರಿಕದಲ್ಲಿ ಅನುಮತಿ ಪಡೆದುವು. ಇವು ಗುಣ ತೋರಲು ಕೆಲವು ವಾರಗಳು ಬೇಕು. ಜೊತೆಗೆ ಪ್ರಾಣಿಗೆ ತಾಳ್ಮೆಯ ತರಬೇತಿಯೂ ನಡೆಯಬೇಕು. ಪಟಾಕಿಯಂಥ ಒಂದು ದಿನದ ಭಯಕ್ಕೆ ಇವು ಒದಗುವುದಿಲ್ಲ. ಅದಕ್ಕೆ ಟ್ರಾಜೊಡೋನ್ ಮೊದಲಾದುವನ್ನು ವೈದ್ಯರು ಮುಂಚಿತವಾಗಿ ಕೊಡಿಸುವರು. ಹಿಂದೆ ಬಹುವಾಗಿ ಬಳಕೆಯಲ್ಲಿದ್ದ ಅಸಿಪ್ರೊಮಜಿನ್ ದೇಹವನ್ನು ಮಂಪರಿಗೆ ತರುವುದೇ ಹೊರತು ಭಯವನ್ನು ಕಳೆಯಲಾರದು: ಪ್ರಾಣಿ ಹೆದರುತ್ತಲೇ ಇರುವುದು, ಓಡಲು ಮಾತ್ರ ಅದಕ್ಕೆ ಶಕ್ತಿಯಿರುವುದಿಲ್ಲ. ನೋವಿಗೆಂದು ಟ್ರಮಡಾಲ್, ಆತಂಕಕ್ಕೆಂದು ಫ್ಲುಯಾಕ್ಸೆಟಿನ್—ಎರಡನ್ನೂ ಅರಿಯದೆ ಕೂಡಿಸಿದರೆ ನಡುಕ, ಜ್ವರ, ಸೆಳವುಗಳು ತಲೆದೋರಬಹುದು. ಈ ಕಾರಣದಿಂದ ಪ್ರಾಣಿ ಈಗಾಗಲೇ ಸೇವಿಸುತ್ತಿರುವ ಔಷಧಗಳನ್ನೆಲ್ಲ ವೈದ್ಯರಿಗೆ ತಿಳಿಸುವುದು ಅತ್ಯಗತ್ಯ.

ಒಂದು ಜೀವಕ್ಕೆ ಹಿತವಾದುದು ಮತ್ತೊಂದಕ್ಕೆ ವಿಷವಾಗುವುದೆಂಬ ಮಾತಿಗೆ ನಮ್ಮ ದೇಶವೇ ದೊಡ್ಡ ಬೆಲೆ ತೆತ್ತು ಸಾಕ್ಷಿ ನುಡಿದಿದೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧವು ಅವುಗಳ ಹೆಣವನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿ ಅವನ್ನು ಕೊಲ್ಲುವುದೆಂಬುದು ೨೦೦೪ರಲ್ಲಿ ಪ್ರಕಟವಾಯಿತು. ೨೦೦೬ರಲ್ಲಿ ಪ್ರಾಣಿಗಳಿಗಾಗಿ ಅದರ ತಯಾರಿಕೆಯನ್ನು ಭಾರತ ಸರ್ಕಾರ ನಿಷೇಧಿಸಿತು. ೨೦೨೩ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ಗಳನ್ನೂ ನಿಷೇಧಿಸಿತು. ನಮ್ಮ ರಾಜ್ಯದಲ್ಲಿ ರಾಮನಗರದ ರಾಮದೇವರಬೆಟ್ಟವು ೨೦೧೨ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾಯಿತು. ಕೊಟ್ಟಿಗೆಯಲ್ಲಿ ಚುಚ್ಚಿದ ಒಂದು ಸೂಜಿಮದ್ದಿನ ಪರಿಣಾಮ ಆಕಾಶದವರೆಗೆ ಮುಟ್ಟಿತೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಮರೆಯಬಾರದು.

ದಾನಶಾಸನದಲ್ಲಿ ಕೊಟ್ಟವರು ಯಾರು, ಪಡೆದವರು ಯಾರು, ಕೊಟ್ಟುದು ಎಷ್ಟು, ಅದರ ಎಲ್ಲೆ ಯಾವುದು ಎಂಬುದನ್ನು ನಾವು ಮೊದಲು ನೋಡುತ್ತೇವೆ. ಪಶುವೈದ್ಯರ ಚೀಟಿಯೂ ಈ ನಾಲ್ಕನ್ನೇ ಹೇಳುವುದು. ಅದನ್ನು ಸರ್ಕಾರದ ತೊಡಕೆಂದು ಬಗೆಯುವುದು ಸಲ್ಲದು. ಬಾಯಿಲ್ಲದ ಜೀವದ ಪರವಾಗಿ ಒಡೆಯನೂ ವೈದ್ಯನೂ ಮಾಡಿಕೊಂಡ ಲಿಖಿತ ಒಪ್ಪಂದವೆಂದು ಅದನ್ನು ತಿಳಿಯಬೇಕು. ಈ ನಾಲ್ಕು ತಾಲ್ಲೂಕುಗಳವರಿಗೆ ಆಯಾ ಊರಿನ ಪಶುಆಸ್ಪತ್ರೆ ಹತ್ತಿರದಲ್ಲಿದೆ. ಹೆಚ್ಚಿನ ಪರೀಕ್ಷೆ ಬೇಕಾದರೆ ಹೆಬ್ಬಾಳದ ಕಾಲೇಜು ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿಯೇ ಇದೆ. ನಾಯಿಬೆಕ್ಕುಗಳನ್ನು ಅಲ್ಲಿಗೆ ಕರೆದೊಯ್ಯಲು ನಾಚಬೇಕಾದುದಿಲ್ಲ. ಮನೆಯ ಡಬ್ಬಿಯಲ್ಲಿ ಉಳಿದ ಮಾತ್ರೆಯನ್ನು ಪ್ರಾಣಿಯ ಬಾಯಿಗೆ ಹಾಕುವ ಮೊದಲು, ಅದು ಯಾರ ದೇಹಕ್ಕಾಗಿ ಅಳೆದುದೆಂದು ಒಂದು ಕ್ಷಣ ವಿಚಾರಿಸಿದರೆ ಸಾಕು. ಎಷ್ಟೋ ಜೀವಗಳು ಉಳಿಯುವುವು.