ಶೀತಲ ಸಮರದ ಪಾಠಕ್ಕೆ ಮಡಿಕೇರಿಯ ಜನರಲ್

ಬಂಡವಾಳಶಾಹಿ ಅಮೆರಿಕ, ಕಮ್ಯುನಿಸ್ಟ್ ಸೋವಿಯತ್ ಒಕ್ಕೂಟಗಳ ಪೈಪೋಟಿಯೇ ಶೀತಲ ಸಮರ ಎಂದು ಹಲಗೆಯ ಮೇಲೆ ಬರೆದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಅಷ್ಟೆ. ಪೀಠಿಕೆಗೆ ಕೊರಿಯಾ ಮೇಲು.

1945ರಲ್ಲಿ ಜಪಾನ್ ಸೋತಾಗ 38ನೇ ಅಕ್ಷಾಂಶದ ಉತ್ತರಕ್ಕೆ ಸೋವಿಯತ್ ಸೇನೆ, ದಕ್ಷಿಣಕ್ಕೆ ಅಮೆರಿಕದ ಸೇನೆ ಬಂದವು. ತಾತ್ಕಾಲಿಕ ಗೆರೆ ಸಿದ್ಧಾಂತಗಳ ಗಡಿಯಾಯಿತು. 1950ರಲ್ಲಿ ಯುದ್ಧ ಶುರುವಾದಾಗ ಇಬ್ಬರ ಬಳಿಯೂ ಅಣುಬಾಂಬ್ ಇತ್ತು. ಸುಟ್ಟದ್ದು ಮಾತ್ರ ಕೊರಿಯನ್ನರ ಊರುಗಳು.

1953ರ ಕದನವಿರಾಮದ ಬಳಿಕ ಸುಮಾರು 22,600 ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ಸ್ವದೇಶಕ್ಕೆ ಮರಳಲು ಒಪ್ಪಲಿಲ್ಲ. ಎದುರು ಬಣದಲ್ಲೂ 359 ಮಂದಿ ಹಾಗೆಯೇ ಅಂದರು. ಅವರ ಇಚ್ಛೆ ತಿಳಿಯಲು ನೇಮಿಸಿದ ಐದು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದವರು ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯ. ಒಬ್ಬೊಬ್ಬ ಕೈದಿಯನ್ನೂ ಕರೆಸಿ, ಅವನ ದೇಶದ ಪ್ರತಿನಿಧಿಗಳು ಮರಳಿ ಬರುವಂತೆ ವಿವರಿಸಬೇಕಿತ್ತು. ಶಿಬಿರದೊಳಗೆ ಕೈದಿಗಳ ಮುಖಂಡರದೇ ಬೆದರಿಕೆ. ಬಹುಪಾಲು ಜನ ಆ ವಿವರಣೆಗೆ ಬರಲೇ ಇಲ್ಲ. ಸ್ವಂತ ಇಚ್ಛೆ ಯಾವುದು, ಭಯ ಯಾವುದು ಎಂದು ತಿಮ್ಮಯ್ಯ ಹೇಗೆ ಅಳೆಯಬೇಕಿತ್ತು? ತರಗತಿಯಲ್ಲಿ ಈ ಪ್ರಶ್ನೆಗೆ ಹತ್ತು ನಿಮಿಷ ಕೊಡಬಹುದು.

ಎರಡೂ ಬಣ ಬೇಡವೆಂದ 88 ಮಂದಿ 1954ರಲ್ಲಿ ಹಡಗು ಹತ್ತಿ ಭಾರತಕ್ಕೆ ಬಂದರು. ಪರೀಕ್ಷೆಯಲ್ಲಿ ಇದನ್ನು ಕೇಳಲಿಕ್ಕಿಲ್ಲ. ಆದರೆ ಅಲಿಪ್ತ ನೀತಿ ಎಂದರೇನೆಂದು ಆ 88 ಮಂದಿಯಿಂದ ಶುರುಮಾಡಿ ಹೇಳಬಹುದು. ಕೊಡಗಿಗೆ ಶೈಕ್ಷಣಿಕ ಪ್ರವಾಸ ಹೋಗುವ ಶಾಲೆಗಳು ಮಡಿಕೇರಿಯ ‘ಸನ್ನಿ ಸೈಡ್’ ಮನೆಯನ್ನೂ ನೋಡಬಹುದು. ತಿಮ್ಮಯ್ಯನವರ ಆ ಮನೆ ಈಗ ವಸ್ತುಸಂಗ್ರಹಾಲಯ.