ಬಸ್ಸಿನಲ್ಲೇ ಸಿಕ್ಕ ಟೈಮ್‌ಟೇಬಲ್

ಬೆಳಿಗ್ಗೆ 5ಕ್ಕೆ ಎದ್ದು ಓದು, ಸಂಜೆ 6ರಿಂದ 9 ನೋಟ್ಸ್. ಡಿಗ್ರಿಯ ಮೊದಲ ಸೆಮಿಸ್ಟರ್‌ನಲ್ಲಿ ಹೀಗೊಂದು ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದ್ದೆ. ಅದರಲ್ಲಿ ಬಸ್ಸೇ ಇರಲಿಲ್ಲ! ನಾಗಮಂಗಲದಿಂದ ಮೈಸೂರಿನ ಕಾಲೇಜಿಗೆ ದಿನಾ ಹೋಗಿಬರೋದು ಅಂದ್ರೆ ಮೂರ್ನಾಲ್ಕು ಗಂಟೆ ರಸ್ತೆಯಲ್ಲೇ. ಕಬ್ಬು ಕಡಿಯೋ ಕಾಲದಲ್ಲಿ ಪಾಂಡವಪುರದ ಹತ್ತಿರ ಗಾಡಿಗಳ ಹಿಂದೆ ಸಿಕ್ಕಿಕೊಂಡರೆ ಇನ್ನೂ ಜಾಸ್ತಿ. ಅಕೌಂಟ್ಸ್‌ನಲ್ಲಿ ಫೇಲಾದೆ. “ಆಗದಿದ್ರೆ ಮನೇಲೇ ಇರವ್ವ” ಅಂದರು ಅಪ್ಪ. ಸಿಟ್ಟಿನಿಂದಲ್ಲ, ಸೋತ ದನಿಯಲ್ಲಿ. ಅದೇ ಹೆಚ್ಚು ಚುಚ್ಚಿತು.

ಗೋಡೆಯ ಹಾಳೆ ಕಿತ್ತು, ಗಂಟೆ ಬಿಟ್ಟು ಸ್ಟಾಪ್ ಲೆಕ್ಕ ಹಿಡಿದೆ. ಜಕ್ಕನಹಳ್ಳಿ ದಾಟಿ ಪಾಂಡವಪುರದವರೆಗೂ ನಿಂತೇ ಪ್ರಯಾಣ. ಆಗ ನಿನ್ನೆಯ ಪಾಠ ಮನಸ್ಸಿನಲ್ಲೇ ಹೇಳಿಕೊಳ್ಳೋದು. ಅಲ್ಲಿ ಸೀಟು ಸಿಗುತ್ತಿತ್ತು, ಕೆ.ಆರ್.ಪೇಟೆಯಿಂದ ಬಂದು ಬಸ್ ಬದಲಿಸುವ ಗೆಳತಿಯೂ ಹತ್ತುತ್ತಿದ್ದಳು. ಪುಸ್ತಕ ಮುಚ್ಚಿ ಒಬ್ಬರಿಗೊಬ್ಬರು ಪ್ರಶ್ನೆ. ತಡವರಿಸಿದ ಕಡೆ ಪೆನ್ಸಿಲ್ ಗುರುತು. (ಮತ್ತೆ ಮತ್ತೆ ಓದೋದಕ್ಕಿಂತ ನೆನಪಿನಿಂದ ಹೇಳಿದ್ದೇ ಹೆಚ್ಚು ದಿನ ಉಳಿಯುತ್ತೆ ಅಂತ ಮನಃಶಾಸ್ತ್ರದವರೂ ಹೇಳ್ತಾರೆ, ನಮಗದು ಆಮೇಲೆ ಗೊತ್ತಾಯ್ತು.) ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಮೊದಲ ಸೇತುವೆಯಿಂದ ಎರಡನೆಯದರವರೆಗೆ ಓದಿಗೆ ರಜೆ. ನದಿ ನೋಡೋದಷ್ಟೇ.

ದಿನದ ಗುರಿ ಒಂದೇ: ಮೈಸೂರು ಬರೋ ಮುಂಚೆ ಒಂದು ಲೆಕ್ಕದ ಹಂತಗಳೆಲ್ಲ ಬಾಯಿಗೆ ಬರಬೇಕು. ಬರದ ದಿನ ರಾತ್ರಿ ಮನೆಯಲ್ಲಿ ಅದೊಂದನ್ನೇ ಮಾಡುತ್ತಿದ್ದೆ. ಎಷ್ಟೋ ದಿನ ಅದೂ ಆಗದೆ ನಿದ್ದೆ ಹೋಗಿದ್ದೀನಿ, ಸುಳ್ಳು ಯಾಕೆ?

ಮುಂದಿನ ಸಲ ಅಕೌಂಟ್ಸ್‌ನಲ್ಲಿ 54. ಹೆಂಗಸರಿಗೆ ಉಚಿತ ಪ್ರಯಾಣ ಬಂದದ್ದು 2023ರ ಜೂನ್‌ನಲ್ಲಿ. ನಮ್ಮ ಕಾಲಕ್ಕೆ ವಿದ್ಯಾರ್ಥಿ ಪಾಸೇ ಗತಿ. ಅಪ್ಪ ಅಂಕಪಟ್ಟಿಯನ್ನು ಎರಡು ಸಲ ನೋಡಿದರು. “ಬಸ್ ಪಾಸ್‌ಗೆ ದುಡ್ಡು ಎಷ್ಟು ಕಟ್ಬೇಕವ್ವ?” ಅಂದರು.